ಉಗುರು ನೋಡುವ ಸೋಮವಾರ

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲಾಗಿ ಕೈ ಚಾಚಿ ನಿಲ್ಲುವುದು, ಮೇಷ್ಟರುಗಳು ಉಗುರು ನೋಡುತ್ತಾ ಹೋಗುವುದು ನಮ್ಮ ಶಾಲೆಗಳ ಹಳೆಯ ಪದ್ಧತಿ. 1998ರಲ್ಲಿ ಮುಳಬಾಗಿಲು ಕಡೆಯ ಹಳ್ಳಿಯೊಂದರಲ್ಲಿ ನಾನೂ ಹಾಗೆ ನೋಡುತ್ತಾ, ಉಗುರಲ್ಲಿ ಮಣ್ಣು ತುಂಬಿಕೊಂಡು ಬಂದ ಹುಡುಗಿಯೊಬ್ಬಳನ್ನು ಚೆನ್ನಾಗಿ ಬೈದೆ. ಆ ಉಗುರುಗಳು ಬಿಳಿಚಿಕೊಂಡು, ನಡುವೆ ತಗ್ಗಾಗಿ, ಅಂಚು ಮೇಲೆದ್ದು ಚಮಚದಂತಿದ್ದವು. ನನ್ನ ಕಣ್ಣಿಗೆ ಬಿದ್ದದ್ದು ಮಣ್ಣು ಮಾತ್ರ. ಕೆಲವು ವಾರಗಳಲ್ಲಿ ಅವಳು ತರಗತಿಯಲ್ಲೇ ತಲೆಸುತ್ತಿ ಬಿದ್ದಳು. ಡಾಕ್ಟರು ಮೊದಲು ಹಿಡಿದು ನೋಡಿದ್ದು ಅವಳ ಬೆರಳುಗಳನ್ನೇ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದಿದೆ ಎಂದರು.

ವೈದ್ಯರು ಉಗುರು ನೋಡುವುದು ಬಹಳ ಹಳೆಯ ವಿದ್ಯೆ. ಕಾಮಾಲೆಯಲ್ಲಿ ಕಣ್ಣು, ಚರ್ಮಗಳ ಜೊತೆ ಉಗುರೂ ಅರಿಶಿನದ ಬಣ್ಣಕ್ಕೆ ತಿರುಗುತ್ತದೆಂದು ಚರಕ ಸಂಹಿತೆ ಹೇಳುತ್ತದೆ. ಎದೆಯಲ್ಲಿ ಕೀವು ತುಂಬಿದವರ ಉಗುರು ಬಾಗುವುದನ್ನು ಗ್ರೀಸಿನ ಹಿಪಾಕ್ರಟಿಸ್ ಸುಮಾರು 2,400 ವರ್ಷಗಳ ಹಿಂದೆಯೇ ಗುರುತಿಸಿದ್ದ. ನನಗೆ ಹೆಚ್ಚು ಹಿಡಿಸಿದ್ದು ಫ್ರಾನ್ಸಿನ ವೈದ್ಯ ಬೋ 1846ರಲ್ಲಿ ವಿವರಿಸಿದ ಅಡ್ಡಗೆರೆ. ದೊಡ್ಡ ಕಾಯಿಲೆ ಬಿದ್ದಾಗ ಉಗುರಿನ ಬೇರು ಕೆಲಸ ನಿಲ್ಲಿಸುತ್ತದೆ, ಚೇತರಿಸಿಕೊಂಡ ಮೇಲೆ ಅಲ್ಲೊಂದು ತಗ್ಗು ಉಳಿಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುವುದರಿಂದ, ಗೆರೆ ಎಷ್ಟು ಮುಂದೆ ಸರಿದಿದೆ ಎಂದು ಅಳೆದು ಜ್ವರ ಬಂದ ತಿಂಗಳನ್ನೇ ಅಂದಾಜು ಮಾಡಬಹುದು. ರೋಗಿ ಮರೆತದ್ದನ್ನು ಉಗುರು ಬರೆದಿಟ್ಟುಕೊಂಡಿರುತ್ತದೆ.

ನಮಗೆ ಗೊತ್ತಿದ್ದ ಉಗುರಿನ ಶಾಸ್ತ್ರವೇ ಬೇರೆ. ಕೊಕ್ಕರೆ ಹಾರಿದರೆ ಉಗುರು ಉಜ್ಜಿಕೊಂಡು ಬಿಳಿ ಹೂ ಬೇಡುತ್ತಿದ್ದೆವು. ಆ ಚುಕ್ಕೆಗಳು ಸಾಮಾನ್ಯವಾಗಿ ಸಣ್ಣಪುಟ್ಟ ಪೆಟ್ಟಿನಿಂದ ಬಂದವು ಎಂದು ತಿಳಿದಾಗ ಸ್ವಲ್ಪ ಬೇಜಾರೇ ಆಯಿತು. ಉಗುರುಸುತ್ತಿಗಂತೂ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿದರೆ ಮುಗಿಯಿತು. ಸದಾ ನೀರಲ್ಲಿ ಕೈಯಾಡಿಸುವ ಹೆಂಗಸರಿಗೇ ಅದು ಹೆಚ್ಚು ಎಂಬುದನ್ನು ಯಾರೂ ಯೋಚಿಸುತ್ತಿರಲಿಲ್ಲ.

ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಕಬ್ಬಿಣದ ಮಾತ್ರೆ ಕೊಡುವ ಸರ್ಕಾರಿ ಕಾರ್ಯಕ್ರಮ 1970ರಲ್ಲೇ ಬಂದಿತ್ತು. ಹೈಸ್ಕೂಲು ವಯಸ್ಸಿನ ಮಕ್ಕಳಿಗೆ ವಾರಕ್ಕೊಂದು ಮಾತ್ರೆ ಬಂದದ್ದು 2013ರ ಹೊತ್ತಿಗೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಕಂಡುಬಂತು. ಊಟವಾದ ತಕ್ಷಣ ಟೀ ಕುಡಿದರೆ ಅನ್ನ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಇದನ್ನು ಹೇಳಿದರೆ ನಮ್ಮ ಕೋಲಾರದ ಕಡೆ ನಗುತ್ತಾರೆ.

ಆ ಹುಡುಗಿಯ ಉಗುರು ಆರೇಳು ತಿಂಗಳಲ್ಲಿ ಸಮವಾಯಿತು. ಡಾಕ್ಟರು ಹೇಳಿದ್ದನ್ನು ತಿಳಿಸಲು ಅವಳ ತಾಯಿಯನ್ನು ಕರೆಸಿದ್ದಾಗ ಆಕೆ ಸೆರಗಿನಿಂದ ಕೈ ಹೊರತೆಗೆದು ನನ್ನ ಮುಂದೆ ಹಿಡಿದಿದ್ದರು.

“ನಮ್ಮನೇಲಿ ಎಲ್ಲರ ಉಗುರೂ ಹಿಂಗೇ ಅಲ್ವಾ ಮೇಡಂ?”