ಒಂದು ಚಿತ್ರ, ಹಲವು ಸದ್ದು: ಡಿಶ್ ಬಾಕ್ಸಿನ ಧ್ವನಿ ಬಿಡಿಸಿದ ಕಥೆ



ಹೋದ ಮಳೆಗಾಲದ ಒಂದು ಶನಿವಾರ. ಪರಿಚಯದವರೊಬ್ಬರು ಬಳಸದೆ ಇಟ್ಟಿದ್ದ ಎಚ್.ಡಿ. ಡಿಶ್ ಬಾಕ್ಸನ್ನು ನಮ್ಮ ಶಾಲೆಗೆ ಕೊಟ್ಟಿದ್ದರು. ಪ್ರಾಣಿಗಳ ಕಾರ್ಯಕ್ರಮವೊಂದನ್ನು ಕನ್ನಡ ಧ್ವನಿಯಲ್ಲಿ ಮಕ್ಕಳಿಗೆ ತೋರಿಸಬೇಕೆಂದು ಬೆಳಿಗ್ಗೆಯಿಂದ ತಯಾರಿ ನಡೆಸಿದ್ದೆ. ಟಿವಿಯ ಸದ್ದು ಹಿಂದಿನ ಸಾಲಿಗೆ ಕೇಳುವುದಿಲ್ಲ. ಅದಕ್ಕೆ ಬಾಕ್ಸಿನ ಆಪ್ಟಿಕಲ್ ತೂತಿನಿಂದ ಒಂದು ವೈರು ಎಳೆದು, ಪೇಟೆಯಲ್ಲಿ ಸಿಗುವ ಸಣ್ಣ ಕನ್ವರ್ಟರ್ ಡಬ್ಬಿಯ ಮೂಲಕ ಶಾಲೆಯ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದೆ. ಸ್ವಿಚ್ ಹಾಕಿದ್ದೇ ತಡ, ಎರಡೂ ಸ್ಪೀಕರಿನಿಂದ ಗರ್‍ರ್ ಎಂದು ಕಿವಿಗಡಚಿಕ್ಕುವ ಸದ್ದು! ಪರದೆಯ ಮೇಲೆ ಆನೆ ನಡೆಯುತ್ತಿದೆ, ಸ್ಪೀಕರಿನಲ್ಲಿ ಹಿಟ್ಟಿನ ಗಿರಣಿ ತಿರುಗುತ್ತಿದೆ.

"ಗುರೂಜಿ, ಬಾಕ್ಸ್ ಕೆಟ್ಟೈತೇನ್ರಿ?" ಎಂದು ಐದನೆಯ ತರಗತಿಯ ಹುಡುಗನೊಬ್ಬ ಕೇಳಿದ. ನಾನೂ ಹಾಗೇ ತಿಳಿದೆ. ಕೆಟ್ಟಿರಲಿಲ್ಲ. ಬಾಕ್ಸ್ ಸರಿಯಾಗಿಯೇ ಮಾತಾಡುತ್ತಿತ್ತು, ಕೇಳುವ ಡಬ್ಬಿಗೆ ಆ ಲಿಪಿ ಬರುತ್ತಿರಲಿಲ್ಲ. ಈ ಲಿಪಿ ಯಾವುದು, ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಸಿಕ್ಕ ಇತಿಹಾಸವನ್ನು ಇಲ್ಲಿ ಬರೆದಿದ್ದೇನೆ.

ಎರಡರಲ್ಲಿ ನಾಲ್ಕು

ಸದ್ದು ಒಂದೇ ಕಡೆಯಿಂದ ಬರಬಾರದು, ಸುತ್ತಲಿನಿಂದ ಬರಬೇಕು ಎಂಬ ಆಸೆ ಹಳೆಯದು. ಇಂಗ್ಲೆಂಡಿನ ಅಲನ್ ಬ್ಲುಮ್‌ಲೈನ್ 1931ರಲ್ಲಿಯೇ ಸ್ಟೀರಿಯೋ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. 1940ರಲ್ಲಿ ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರ ನ್ಯೂಯಾರ್ಕಿನಲ್ಲಿ ತೆರೆ ಕಂಡಾಗ ಧ್ವನಿಗಾಗಿಯೇ ಬೇರೊಂದು ಫಿಲಂ ಓಡಿಸಿ, ಸದ್ದು ಸಭಾಂಗಣದಲ್ಲಿ ಓಡಾಡುವಂತೆ ಮಾಡಿದ್ದರು. ಆದರೆ ಆ ಸಲಕರಣೆ ಭಾರಿ ದುಬಾರಿ. ಕೆಲವೇ ಚಿತ್ರಮಂದಿರಗಳಿಗೆ ನಿಂತುಹೋಯಿತು.

ಮುಂದೆ ಈ ಕೆಲಸವನ್ನು ಮನೆಮನೆಗೆ ತಂದ ಹೆಸರು ರೇ ಡಾಲ್ಬಿ. ಅಮೆರಿಕದ ಈ ಎಂಜಿನಿಯರ್ 1963ರಿಂದ 1965ರವರೆಗೆ ನಮ್ಮ ದೇಶದಲ್ಲಿದ್ದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ವಿಶ್ವಸಂಸ್ಥೆಯ ಸಲಹೆಗಾರರಾಗಿ ಚಂಡೀಗಡದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆಗೆ ಬಂದಿದ್ದರು. ಇಲ್ಲಿಂದ ಹೋದವರೇ 1965ರಲ್ಲಿ ಲಂಡನ್ನಿನಲ್ಲಿ ಡಾಲ್ಬಿ ಲ್ಯಾಬೊರೇಟರೀಸ್ ತೆರೆದರು. ಮೊದಲ ಕೆಲಸ ಟೇಪಿನ 'ಸ್ಸ್' ಎಂಬ ಗದ್ದಲ ಕಡಿಮೆ ಮಾಡುವುದು. ಆಮೇಲೆ 1970ರ ದಶಕದ ನಡುವಿನಲ್ಲಿ ಡಾಲ್ಬಿ ಸ್ಟೀರಿಯೋ ಬಂತು. 1977ರ 'ಸ್ಟಾರ್ ವಾರ್ಸ್' ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು.

ಇದರ ಉಪಾಯ ಮಕ್ಕಳಿಗೂ ತಿಳಿಯುವಂಥದ್ದು. ಫಿಲಂ ಅಂಚಿನಲ್ಲಿ ಎರಡೇ ಧ್ವನಿಪಟ್ಟಿಗೆ ಜಾಗ. ಕೇಳಿಸಬೇಕಾದದ್ದು ನಾಲ್ಕು: ಎಡ, ಬಲ, ನಡುವಿನ ಮಾತು, ಹಿಂದಿನ ಸದ್ದು. ಎಡ ಬಲಗಳನ್ನು ಅವುಗಳ ಪಟ್ಟಿಯಲ್ಲಿಟ್ಟರು. ನಡುವಿನ ಮಾತನ್ನು ಎರಡೂ ಪಟ್ಟಿಗೆ ಸಮನಾಗಿ ಹಂಚಿದರು. ಹಿಂದಿನ ಸದ್ದನ್ನು ಒಂದು ಪಟ್ಟಿಗೆ ಕೂಡಿಸಿ, ಇನ್ನೊಂದರಲ್ಲಿ ತಲೆಕೆಳಗು ಮಾಡಿ ಸೇರಿಸಿದರು. ಈಗ ಒಂದರಿಂದ ಇನ್ನೊಂದನ್ನು ಕಳೆಯಿರಿ. ಸಮನಾಗಿದ್ದ ನಡುವಿನ ಮಾತು ಅಳಿಸಿಹೋಗುತ್ತದೆ, ಹಿಂದಿನ ಸದ್ದು ಹೊರಗೆ ಬರುತ್ತದೆ. ನಮ್ಮ ಬೀಜಗಣಿತದ ಕೂಡು-ಕಳೆ ಲೆಕ್ಕವೇ ಇದು.

1982ರಲ್ಲಿ ಡಾಲ್ಬಿ ಸರೌಂಡ್ ಹೆಸರಿನಲ್ಲಿ ಇದು ಮನೆಗೆ ಬಂತು. ಬರೀ ಕಳೆದರೆ ಎಡಬಲದ ಸದ್ದೂ ಸ್ವಲ್ಪ ಹಿಂದಕ್ಕೆ ಸೋರುತ್ತಿತ್ತು. 1987ರ ಪ್ರೊ ಲಾಜಿಕ್ ಎಂಬ ವ್ಯವಸ್ಥೆ ಯಾವ ಕಡೆಯ ಸದ್ದು ಜೋರಾಗಿದೆ ಎಂದು ಆಗಾಗ ನೋಡಿ ಆ ಸೋರಿಕೆಯನ್ನು ತಡೆಯಿತು. ಎರಡೇ ದಾರಿ ಸಾಕಾದ್ದರಿಂದ ವಿಡಿಯೋ ಟೇಪು, ಉಪಗ್ರಹ ಟಿವಿ ಎಲ್ಲದರ ಮೂಲಕವೂ ಈ ಅಡಗಿಸಿಟ್ಟ ಸದ್ದು ದಾಟಿ ಬರುತ್ತಿತ್ತು.

ಅದೇ ಕಾಲದಲ್ಲಿ ನಮ್ಮ ಆಕಾಶದಲ್ಲಿ

ಅಲ್ಲಿ ಎರಡು ಪಟ್ಟಿಯಲ್ಲಿ ನಾಲ್ಕು ಸದ್ದು ಅಡಗಿಸುತ್ತಿದ್ದ ಕಾಲಕ್ಕೇ ಇಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅದು 'ಸೈಟ್', ಅಂದರೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ. ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿ ಇಸ್ರೋ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತಲುಪಿಸಿತು. ಹಳ್ಳಿಯಲ್ಲಿ ಸುಮಾರು 10 ಅಡಿ ಅಗಲದ ಜಾಲರಿ ಬುಟ್ಟಿ, ಅದರ ಕೆಳಗೆ ಒಂದು ಟಿವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ಭಾಷೆಗಳು ಹಿಂದಿ, ಒರಿಯಾ, ತೆಲುಗು ಮತ್ತು ನಮ್ಮ ಕನ್ನಡ. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು.

ನಮ್ಮ ವಿಷಯಕ್ಕೆ ಮುಖ್ಯವಾದ ಮಾತು ಇದು: ಆ ವ್ಯವಸ್ಥೆಯಲ್ಲಿ ಚಿತ್ರಕ್ಕೆ ಒಂದು ದಾರಿ, ಧ್ವನಿಗೆ ಎರಡು ದಾರಿ. ಅಂದರೆ ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತು ಜೋಡಿಸಬಹುದಿತ್ತು. ಅಲ್ಲಿಯವರಿಗೆ ಹೆಚ್ಚಿನ ಧ್ವನಿಪಟ್ಟಿ ಎಂದರೆ ತಲೆಯ ಹಿಂದೆ ಹಾರುವ ವಿಮಾನ. ನಮಗೆ ಹೆಚ್ಚಿನ ಧ್ವನಿಪಟ್ಟಿ ಎಂದರೆ ಇನ್ನೊಬ್ಬರ ಮಗುವಿಗೂ ತಿಳಿಯುವ ಮಾತು.

ಮಹಾರಾಷ್ಟ್ರ ಆ ಆರು ರಾಜ್ಯಗಳಲ್ಲಿ ಇರಲಿಲ್ಲ. ಗುಲ್ಬರ್ಗಾ ಜಿಲ್ಲೆಯ ಪಕ್ಕದಲ್ಲೇ ಇರುವ ನಮ್ಮ ಅಕ್ಕಲಕೋಟ ಸೀಮೆಗೆ ಒಂದೂ ಬುಟ್ಟಿ ಬರಲಿಲ್ಲ. ಆಕಾಶದಿಂದ ಇಳಿಯುವ ಅಲೆಗೆ ಗಡಿಕಲ್ಲು ಕಾಣುವುದಿಲ್ಲ. ಆ ಕನ್ನಡ ಪಾಠಗಳು ನಮ್ಮ ಹೊಲಗಳ ಮೇಲೂ, ನಮ್ಮ ಶಾಲೆಗಳ ಹಂಚಿನ ಮೇಲೂ ಬಿದ್ದಿರಲೇಬೇಕು. ಹಿಡಿಯುವ ಬುಟ್ಟಿ, ಬಿಡಿಸುವ ಡಬ್ಬಿ ಇರಲಿಲ್ಲ, ಅಷ್ಟೇ. ನಾನು ಹುಟ್ಟುವ ಮೊದಲಿನ ಮಾತು. ಆದರೂ ನೆನೆದಾಗ ಮನಸ್ಸಿಗೆ ಚುಚ್ಚುತ್ತದೆ.

ಸದ್ದು ಅಂಕಿಯಾದಾಗ

1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಬಂತು. ಇದರ ತಾಂತ್ರಿಕ ಹೆಸರು ಎಸಿ-3. ಫಿಲಂ ಅಂಚಿನ ತೂತುಗಳ ನಡುವಿನ ಸಣ್ಣ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಅಂಕಿಗಳನ್ನು ಅಚ್ಚು ಹಾಕಿದರು. ಇಲ್ಲಿ ಅಡಗಿಸುವ ಕೂಡು-ಕಳೆ ಇಲ್ಲ, ಪ್ರತಿ ಸ್ಪೀಕರಿಗೂ ತನ್ನದೇ ಧ್ವನಿ. ಎಡ, ನಡು, ಬಲ, ಹಿಂದೆ ಎರಡು, ಒಟ್ಟು ಐದು. ಗುಡುಗಿನಂಥ ತಗ್ಗು ಸದ್ದಿಗಾಗಿಯೇ ಇನ್ನೊಂದು. ಅದು ಇಡೀ ಧ್ವನಿಯಲ್ಲಿ ಸಣ್ಣ ಪಾಲು ಮಾತ್ರ. ಅದಕ್ಕೇ 5.1 ಎನ್ನುತ್ತಾರೆ. ಮರುವರ್ಷ, 1993ರಲ್ಲಿ, 'ಜುರಾಸಿಕ್ ಪಾರ್ಕ್' ಜೊತೆ ಡಿಟಿಎಸ್ ಬಂತು. ಅದು ಧ್ವನಿಯನ್ನು ಫಿಲಮ್ಮಿನಲ್ಲಿಡದೆ ಬೇರೆ ಸಿಡಿಯಲ್ಲಿಟ್ಟಿತು.

ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ. ಒಂದು ಸೆಕೆಂಡಿನ ಸದ್ದನ್ನು 48,000 ಸಲ ಅಳೆಯುತ್ತಾರೆ. ಒಂದೊಂದು ಅಳತೆಗೆ 16 ಬಿಟ್. ಹೀಗೆ 6 ಧ್ವನಿಗಳು. ಗುಣಿಸಿದರೆ ಸೆಕೆಂಡಿಗೆ 46,08,000 ಬಿಟ್. ಎಸಿ-3 ಇದನ್ನು 3,84,000 ಬಿಟ್ಟಿಗೆ ಇಳಿಸಬಲ್ಲದು. ಅಂದರೆ ಹನ್ನೆರಡರಲ್ಲಿ ಒಂದು ಪಾಲು!

ಉಳಿದ ಹನ್ನೊಂದು ಪಾಲು ಎಲ್ಲಿ ಹೋಯಿತು? ಜಾತ್ರೆಯಲ್ಲಿ ಡೊಳ್ಳು ಬಡಿಯುವಾಗ ಪಕ್ಕದವರ ಪಿಸುಮಾತು ಕೇಳುತ್ತದೆಯೇ? ಇಲ್ಲ. ಜೋರು ಸದ್ದಿನ ಮರೆಯಲ್ಲಿ ಸಣ್ಣ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಹಾಗೆ ಕೇಳಿಸದ ಭಾಗಕ್ಕೆ ಬಿಟ್ ಖರ್ಚು ಮಾಡುವುದಿಲ್ಲ. ಧ್ವನಿಯನ್ನು 32 ಮಿಲಿಸೆಕೆಂಡಿನ ಕಟ್ಟುಗಳಾಗಿ ಮಾಡಿ, ಪ್ರತಿ ಕಟ್ಟಿನ ತಲೆಗೆ ಒಂದು ಗುರುತು ಹಾಕಿ ಕಳಿಸುತ್ತಾರೆ. ಬಿಡಿಸುವ ಯಂತ್ರ ಮೊದಲು ಆ ಗುರುತು ಹುಡುಕಿ, ಆಮೇಲೆ ಕಟ್ಟು ಬಿಚ್ಚುತ್ತದೆ.

ಡಿಶ್ ಬಾಕ್ಸ್ ಒಳಗೆ

1990ರ ದಶಕದ ನಡುವಿನಲ್ಲಿ ಉಪಗ್ರಹ ಟಿವಿಯೂ ಡಿಜಿಟಲ್ ಆಯಿತು. ನಮ್ಮ ದೇಶದಲ್ಲಿ 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಡಿ ಡೈರೆಕ್ಟ್ ಪ್ಲಸ್, 2006ರಲ್ಲಿ ಟಾಟಾ ಸ್ಕೈ ಹೀಗೆ ಒಂದೊಂದಾಗಿ ಬಂದವು. 2010ರ ಸುಮಾರಿಗೆ ಎಚ್.ಡಿ. ವಾಹಿನಿಗಳು ಶುರುವಾದ ಮೇಲೆ 5.1 ಧ್ವನಿಯೂ ನಮ್ಮ ಮಾಳಿಗೆಯ ಬುಟ್ಟಿಗೆ ಇಳಿಯಿತು.

ಉಪಗ್ರಹದಿಂದ ಬರುವುದು 188 ಬೈಟಿನ ಸಣ್ಣ ಸಣ್ಣ ಪೊಟ್ಟಣಗಳು. ಚಿತ್ರದ್ದೂ ಧ್ವನಿಯದ್ದೂ ಕಲೆತು ಬರುತ್ತವೆ. ಪ್ರತಿ ಪೊಟ್ಟಣದ ಮೇಲೆ ಒಂದು ನಂಬರು. ಬಾಕ್ಸ್ ಆ ನಂಬರು ನೋಡಿ, ಅಂಚೆಯವನು ಕಾಗದ ವಿಂಗಡಿಸಿದಂತೆ ವಿಂಗಡಿಸುತ್ತದೆ. ಧ್ವನಿ ಒಂದಕ್ಕಿಂತ ಹೆಚ್ಚಿದ್ದರೆ ಯಾವುದು ಯಾವ ಭಾಷೆ ಎಂದು ತಿಳಿಸಲು ಮೂರು ಇಂಗ್ಲಿಷ್ ಅಕ್ಷರಗಳ ಚೀಟಿಯೂ ಇರುತ್ತದೆ. ಕನ್ನಡದ ಚೀಟಿ ಕೆ-ಎ-ಎನ್. ರಿಮೋಟಿನಲ್ಲಿ ಭಾಷೆಯ ಗುಂಡಿ ಒತ್ತಿದಾಗ ಬಾಕ್ಸ್ ಓದುವುದು ಈ ಚೀಟಿಯನ್ನೇ. ಸೈಟ್ ಕಾಲದ ಎರಡು ಧ್ವನಿದಾರಿಯ ಮೊಮ್ಮಗ ಇದು ಎನ್ನಬಹುದು.

ಇನ್ನು ಆಪ್ಟಿಕಲ್ ವೈರು. 1983ರಲ್ಲಿ ತೋಷಿಬಾ ತಂದ ಈ ವೈರಿನ ತುದಿಯಲ್ಲಿ ಕೆಂಪು ಬೆಳಕು ಮಿನುಗುತ್ತದೆ. ಅದರಲ್ಲಿ ಬೆಳಕಿನ ಮೂಲಕ ಅಂಕಿಗಳು ಹೋಗುತ್ತವೆ. ಇದನ್ನು ಮಾಡಿದ್ದು ಎರಡು ಧ್ವನಿಗಾಗಿ: 48,000 × 16 × 2, ಅಂದರೆ ಸೆಕೆಂಡಿಗೆ 15,36,000 ಬಿಟ್. ಬಿಡಿಸಿದ ಆರು ಧ್ವನಿ ಇದರಲ್ಲಿ ಹಿಡಿಸುವುದಿಲ್ಲ. ಬಿಡಿಸದೆ ಕಟ್ಟಿದ ಹಾಗೇ ಇರುವ 3,84,000 ಸಲೀಸಾಗಿ ಹಿಡಿಸುತ್ತದೆ. ಆದ್ದರಿಂದ ಬಾಕ್ಸ್ ಕಟ್ಟು ಬಿಚ್ಚದೆ ಹಾಗೇ ದಾಟಿಸಿ, ಮಿಕ್ಕ ಜಾಗಕ್ಕೆ ಸೊನ್ನೆ ತುಂಬುತ್ತದೆ. 'ಇದು ನೇರ ಧ್ವನಿ ಅಲ್ಲ, ಬಿಡಿಸಿಕೊಳ್ಳಿ' ಎಂಬ ಸೂಚನೆಯನ್ನೂ ಸೇರಿಸುತ್ತದೆ. ಬಿಡಿಸಬೇಕಾದ್ದು ಆ ತುದಿಯ ಆಂಪ್ಲಿಫೈಯರ್. ಎಚ್.ಡಿ. ವಾಹಿನಿಗಳಲ್ಲಿ ಬಳಸುವ ಹೊಸ ಡಾಲ್ಬಿ ಡಿಜಿಟಲ್ ಪ್ಲಸ್ ಈ ವೈರಿಗೆ ಒಗ್ಗದು. ಬಾಕ್ಸ್ ಅದನ್ನು ಮೊದಲು ಹಳೆಯ ಎಸಿ-3ಕ್ಕೆ ಬದಲಿಸಿ ಕಳಿಸುತ್ತದೆ.

ನಮ್ಮ ಹಿಟ್ಟಿನ ಗಿರಣಿಯ ಗುಟ್ಟು ಇದೇ. ಆ ಅಗ್ಗದ ಡಬ್ಬಿ ಸೂಚನೆ ಓದಲಿಲ್ಲ. ಕಟ್ಟಿದ ಅಂಕಿಗಳನ್ನೇ ಸದ್ದು ಎಂದು ತಿಳಿದು ಬಾರಿಸಿತು. ಓದಲು ಬಾರದ ಲಿಪಿಯ ಪುಟವನ್ನು ಬಾಯಿಗೆ ಬಂದಂತೆ ಓದಿದ ಹಾಗೆ.

ಪರಿಹಾರ ಒಂದು ನಿಮಿಷದ್ದು. ಬಾಕ್ಸಿನ ಧ್ವನಿ ಮೆನುವಿನಲ್ಲಿ ಡಾಲ್ಬಿ ಎಂದು ಇದ್ದುದನ್ನು ಪಿಸಿಎಂ ಎಂದು ಬದಲಿಸಿದೆ. ಈಗ ಬಾಕ್ಸ್ ತಾನೇ ಕಟ್ಟು ಬಿಚ್ಚಿ, ಆರನ್ನು ಎರಡಕ್ಕೆ ಇಳಿಸಿ ಕೊಟ್ಟಿತು. ಗಿರಣಿ ನಿಂತಿತು. ಆಮೇಲೆ ಭಾಷೆಯ ಗುಂಡಿ ಒತ್ತಿದೆ. ಆನೆಯ ಬಗ್ಗೆ ಕನ್ನಡದಲ್ಲಿ ಮಾತು ಶುರುವಾಯಿತು. ಹಿಂದಿನ ಸಾಲಿನವರೂ ಸುಮ್ಮನಾದರು.

ಎಸಿ-3ರ ಪೇಟೆಂಟುಗಳು 2017ರಲ್ಲಿ ಮುಗಿದವು. ಆ ಲಿಪಿ ಈಗ ಯಾರು ಬೇಕಾದರೂ ಕಲಿಯಬಹುದಾದ ಲಿಪಿ. ನಮ್ಮ ಶಾಲೆಗೆ ಐದು ಸ್ಪೀಕರ್ ಬೇಕಿಲ್ಲ, ಎರಡು ಸಾಕು. ಬೇಕಾದ್ದು ಆ ಮೂರಕ್ಷರದ ಚೀಟಿ. ಗಡಿಯಾಚೆಯ ಶಾಲೆಗಳ ಶಿಕ್ಷಕ ಬಂಧುಗಳೇ, ನಿಮ್ಮ ಬಾಕ್ಸಿನಲ್ಲೂ ಒಮ್ಮೆ ಭಾಷೆಯ ಗುಂಡಿ ಒತ್ತಿ ನೋಡಿ. 1975ರಲ್ಲಿ ನಮ್ಮ ಹಂಚಿನ ಮೇಲೆ ಬಿದ್ದು ಹಾಗೇ ಹೋದ ಕನ್ನಡ ಇನ್ನೊಮ್ಮೆ ಹಾಗೆ ಹೋಗುವುದು ಬೇಡ.