ಹಗ್, ಚಿಪ್ಕೋ, ಅಪ್ಪಿಕೋ: ಒಂದು ಕ್ರಿಯಾಪದದ ಕಥೆ

ಇಂಗ್ಲಿಷಿನ 'ಹಗ್' ಕ್ರಿಯಾಪದ ನಿಮಗೆ ಪರಿಚಿತ. ತಬ್ಬಿಕೊಳ್ಳುವುದು ಅದರ ಮುಖ್ಯ ಅರ್ಥ. ಹಡಗೊಂದು ದಡಕ್ಕೆ ತೀರ ಸಮೀಪದಲ್ಲೇ ಸಾಗಿದರೂ ಇದೇ ಪದ ಬಳಸುತ್ತಾರೆ. 16ನೆಯ ಶತಮಾನದ ಬರವಣಿಗೆಯಲ್ಲಿ ಕಾಣಿಸಿಕೊಂಡ ಈ ಪದದ ಮೂಲ ಖಚಿತವಾಗಿಲ್ಲ. 'ಸಮಾಧಾನಪಡಿಸು' ಎಂಬ ಅರ್ಥದ ಪ್ರಾಚೀನ ನಾರ್ಸ್ ಪದ 'ಹುಗ್ಗ' ಇದರ ಮೂಲವಿರಬಹುದೆಂಬ ಊಹೆಯಿದೆ. ಸಮಾನಾರ್ಥಕವಾದ 'ಎಂಬ್ರೇಸ್'ನ ಮೂಲ ಮಾತ್ರ ಸ್ಪಷ್ಟ. ಲ್ಯಾಟಿನ್ನಿನಲ್ಲಿ 'ಬ್ರಾಕಿಯಮ್' ಎಂದರೆ ತೋಳು. ರಕ್ತದ ಒತ್ತಡ ಅಳೆಯುವಾಗ ಪಟ್ಟಿ ಸುತ್ತುವ ತೋಳಿನ 'ಬ್ರೇಕಿಯಲ್' ಧಮನಿಯ ಹೆಸರಿನಲ್ಲೂ ಅದೇ ಪದವಿದೆ.

ಈ ಅರ್ಥದ ಕನ್ನಡ ಕ್ರಿಯಾಪದವೊಂದು ನಮ್ಮ ಪರಿಸರ ಚರಿತ್ರೆಯನ್ನೇ ಸೇರಿದೆ.

1973ರಲ್ಲಿ ಹಿಮಾಲಯದ ಗಢವಾಲದಲ್ಲಿ ಆರಂಭವಾದ ಮರ ಉಳಿಸುವ ಚಳವಳಿಗೆ 'ಚಿಪ್ಕೋ' ಎಂಬ ಹೆಸರು ಬಂತು. ಹಿಂದಿಯ 'ಚಿಪಕ್‌ನಾ' ಎಂದರೆ ಅಂಟಿಕೊಳ್ಳುವುದು. ಹತ್ತು ವರ್ಷಗಳ ನಂತರ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು, ಕಡಿಯಲಿದ್ದ ಮರಗಳನ್ನು ತಬ್ಬಿ ನಿಂತರು. ಪಾಂಡುರಂಗ ಹೆಗಡೆ ಮುಂತಾದವರು ಸಂಘಟಿಸಿದ ಈ ಚಳವಳಿಯ ಹೆಸರು 'ಅಂಟಿಕೋ' ಆಗಲಿಲ್ಲ, 'ಅಪ್ಪಿಕೋ' ಆಯಿತು. ಗೋಂದೂ ಅಂಟಿಕೊಳ್ಳುತ್ತದೆ, ಅಪ್ಪುವುದಕ್ಕೆ ತೋಳೂ ಬೇಕು, ಮನಸ್ಸೂ ಬೇಕು.

ಈಗ ವ್ಯಾಕರಣ ಗಮನಿಸಿ. 'ಅಪ್ಪು' ಧಾತುವಿಗೆ 'ಕೊಳ್ಳು' ಸೇರಿದರೆ 'ಅಪ್ಪಿಕೊಳ್ಳು'. ಬರೆದುಕೊಳ್ಳು, ಉಳಿಸಿಕೊಳ್ಳು ಎಂಬಂಥ ಕಡೆ ಈ 'ಕೊಳ್ಳು' ಕೆಲಸದ ಫಲ ಮಾಡಿದವನಿಗೇ ಸೇರುವುದನ್ನು ಸೂಚಿಸುತ್ತದೆ. ಮಲೆನಾಡಿಗೆ ಈ ಅರ್ಥ ಸರಿಯಾಗಿ ಹೊಂದುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳು ಸೊಪ್ಪಿನ ಬೆಟ್ಟಗಳನ್ನು ನಂಬಿವೆ. ಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ಸಗಣಿಯೊಡನೆ ಬೆರೆತು ಗೊಬ್ಬರವಾಗುತ್ತದೆ. ತೋಟದ ಮಣ್ಣಿಗೆ ಹೊದಿಕೆಯಾಗಿ ತೇವ ಕಾಯುತ್ತದೆ. ಸಹಜ ಕಾಡು ಹೋಗಿ ಸಾಗವಾನಿಯ ನೆಡುತೋಪು ಬಂದರೆ ಸೊಪ್ಪು, ಜೇನು, ಹಳ್ಳದ ನೀರು ಎಲ್ಲಕ್ಕೂ ಕುತ್ತು. ಅಲ್ಲಿನವರು ಮರವನ್ನು ಅಪ್ಪಿದ್ದು ಮರಕ್ಕಾಗಿ ಮಾತ್ರವಲ್ಲ, ತಮ್ಮ ಬದುಕಿಗಾಗಿಯೂ ಹೌದು.

ಕಳಸೆಯಲ್ಲಿ 38 ದಿನ ನಡೆದ ಪ್ರತಿಭಟನೆಯ ಕೊನೆಗೆ ಮರ ಕಡಿತ ನಿಂತಿತು. ಚಳವಳಿ ಸಿದ್ದಾಪುರದ ಕಡೆಗೂ ಹಬ್ಬಿತು. ಅದರ ಘೋಷಣೆಯೂ ಮೂರು ಕ್ರಿಯಾಪದಗಳೇ: ಉಳಿಸು, ಬೆಳೆಸು, ಬಳಸು.

ಕೊನೆಯ ಪದ ನೋಡಿ. ಬಳಸು ಎಂದರೆ ಉಪಯೋಗಿಸು. ಸುತ್ತುವರಿ ಎಂದೂ ಅರ್ಥ. 'ಬಳಸುದಾರಿ'ಯಲ್ಲಿ, 'ತೋಳಿನಿಂದ ಬಳಸಿ' ಎಂಬಲ್ಲಿ ಇರುವುದು ಈ ಎರಡನೆಯ ಅರ್ಥ. ಉಪಯೋಗಿಸುವುದಕ್ಕೂ ತಬ್ಬುವುದಕ್ಕೂ ಕನ್ನಡದಲ್ಲಿ ಒಂದೇ ಪದವಿದೆ. ಕಾಡಿನ ಪಾಠ ಮಾಡುವಾಗ ವಿದ್ಯಾರ್ಥಿಗಳಿಗೆ ಇದನ್ನೂ ಹೇಳಿ.