ಸಾಕು ಬೆಕ್ಕು ನಿಗದಿತ ಸ್ಥಳ ಬಿಟ್ಟು ಮನೆಯೊಳಗೆ ಮೂತ್ರ ಮಾಡುವುದು: ಶಿರವಾಡ ಹಾಗೂ ಸುತ್ತಲಿನ ನಾಗರಿಕರಿಗೆ ಮಾಹಿತಿ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಬೆಕ್ಕು ಸಾಕಿರುವವರು ಪಶುವೈದ್ಯರ ಮುಂದೆ ತರುವ ದೂರುಗಳಲ್ಲಿ ಬೆಕ್ಕು ಹಾಸಿಗೆ, ಬಟ್ಟೆಗಂಟು, ಗೋಣಿಚೀಲ ಅಥವಾ ಅಡುಗೆಮನೆಯ ಮೂಲೆಯಲ್ಲಿ ಮೂತ್ರ ಮಾಡುತ್ತದೆ ಎಂಬುದು ಒಂದು. ಇದನ್ನು ಬೆಕ್ಕಿನ ಹಟವೆಂದೋ ದ್ವೇಷವೆಂದೋ ಭಾವಿಸಿ ಹೊಡೆಯುವುದು, ಊಟ ನಿಲ್ಲಿಸುವುದು, ಕಡೆಗೆ ಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವುದು ರೂಢಿಯಲ್ಲಿದೆ. ಬೆಕ್ಕು ದ್ವೇಷದಿಂದ ಮೂತ್ರ ಮಾಡುವುದಿಲ್ಲ. ಅದಕ್ಕೆ ನೋವಿರುತ್ತದೆ, ಭಯವಿರುತ್ತದೆ ಅಥವಾ ಒದಗಿಸಿದ ಸ್ಥಳ ಅದಕ್ಕೆ ಒಗ್ಗಿರುವುದಿಲ್ಲ. ಈ ಮೂರರಲ್ಲಿ ಯಾವುದೆಂದು ತಿಳಿಯುವ ಕ್ರಮವನ್ನು ಹಾಗೂ ತುರ್ತಾಗಿ ಪಶು ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಮೊದಲು ಗಮನಿಸತಕ್ಕದ್ದು: ಗಂಡು ಬೆಕ್ಕಿನ ಮೂತ್ರ ಕಟ್ಟುವಿಕೆ

ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕುತ್ತಿದ್ದು, ಮೂತ್ರ ಬಾರದೆ ಅಥವಾ ಹನಿಹನಿಯಾಗಿ ಮಾತ್ರ ಬರುತ್ತಿದ್ದರೆ ಅದು ತುರ್ತು ಪರಿಸ್ಥಿತಿ. ಅನೇಕ ಮಾಲೀಕರು ಇದನ್ನು ಮಲಬದ್ಧತೆ ಎಂದು ತಿಳಿದು ಹರಳೆಣ್ಣೆ ಕುಡಿಸಿ ಒಂದೆರಡು ದಿನ ಕಾಯುತ್ತಾರೆ. ಆ ಒಂದೆರಡು ದಿನಗಳಲ್ಲಿಯೇ ಬೆಕ್ಕು ಸಾಯಬಹುದು. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದಾಗಿರುತ್ತದೆ. ಮೂತ್ರದಲ್ಲಿನ ಹರಳುಗಳು, ಲೋಳೆ ಹಾಗೂ ಊತದಿಂದ ಅದು ಮುಚ್ಚಿದಾಗ ಮೂತ್ರಕೋಶ ಬಿಗಿದು ಕಲ್ಲಿನಂತಾಗುತ್ತದೆ, ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಪೂರ್ಣವಾಗಿ ಕಟ್ಟಿದ ಬೆಕ್ಕು ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ.

ಅಂಗವನ್ನು ಪದೇ ಪದೇ ನೆಕ್ಕುವುದು, ಕುಳಿತಾಗ ಕೂಗುವುದು, ವಾಂತಿ, ಆಹಾರ ಬಿಡುವುದು, ಕತ್ತಲೆಯ ಮೂಲೆಯಲ್ಲಿ ಅಡಗಿ ಮುಟ್ಟಲು ಬಿಡದಿರುವುದು ಇದರ ಇತರ ಚಿಹ್ನೆಗಳು. ಹೊಟ್ಟೆಯನ್ನು ಒತ್ತಿ ಮೂತ್ರ ಹೊರಡಿಸಲು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು, ಬಿಗಿದ ಮೂತ್ರಕೋಶ ಒಡೆಯುವ ಸಾಧ್ಯತೆ ಇದೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕೊಡಲೇಬಾರದು. ಮನುಷ್ಯರ ಯಕೃತ್ತು ಅದನ್ನು ನಿರಪಾಯಗೊಳಿಸುವ ಕ್ರಿಯೆ ಬೆಕ್ಕಿನಲ್ಲಿ ಅತ್ಯಲ್ಪ. ಒಂದೇ ಮಾತ್ರೆ ಬೆಕ್ಕಿಗೆ ಮಾರಕವಾಗಬಹುದು.

ಹೆಣ್ಣು ಬೆಕ್ಕಿನಲ್ಲಿ ಮೂತ್ರನಾಳ ಅಗಲವಾಗಿರುವುದರಿಂದ ಪೂರ್ಣ ಕಟ್ಟುವಿಕೆ ಅಪರೂಪ. ಆದರೂ ಮೂತ್ರದಲ್ಲಿ ರಕ್ತ ಕಂಡುಬಂದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು.

ಕಾಯಿಲೆಯ ಇತರ ಕಾರಣಗಳು

ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಮೂತ್ರಕೋಶದ ತೊಂದರೆಯ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಸೋಂಕಾಗಲಿ ಕಲ್ಲಾಗಲಿ ಕಂಡುಬರುವುದಿಲ್ಲ. ಮೂತ್ರಕೋಶದ ಒಳಪದರ ಉರಿಯೂತಕ್ಕೆ ಒಳಗಾಗಿರುತ್ತದೆ ಮತ್ತು ಅದರ ಹಿಂದೆ ಬೆಕ್ಕಿನ ಮಾನಸಿಕ ಒತ್ತಡವಿರುತ್ತದೆ. ಮನೆಗೆ ಹೊಸ ಬೆಕ್ಕು ಅಥವಾ ನಾಯಿ ಬಂದಿರುವುದು, ಮನೆ ಬದಲಾವಣೆ, ಮನೆ ಕಟ್ಟುವ ಗದ್ದಲ, ಮದುವೆ ಸಮಾರಂಭದ ಜನಜಂಗುಳಿ ಸಾಕು. ಇಂತಹ ಉರಿಯೂತ ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ, ಒತ್ತಡ ಮುಂದುವರಿದರೆ ಮರಳಿ ಬರುತ್ತದೆ. ಈ ಕಾರಣದಿಂದಲೇ ಔಷಧ ಅಂಗಡಿಯಿಂದ ತಾವೇ ಜೀವಿರೋಧಕ ಮಾತ್ರೆ ತಂದು ಕೊಟ್ಟು “ಗುಣವಾಯಿತು” ಎಂದು ಹೇಳುವವರು, ತಿಂಗಳೆರಡು ಕಳೆದ ಮೇಲೆ ಅದೇ ದೂರಿನೊಂದಿಗೆ ಬರುತ್ತಾರೆ.

ವಯಸ್ಸಾದ ಬೆಕ್ಕಿನ ವಿಷಯ ಬೇರೆ. ಹತ್ತು ವರ್ಷ ದಾಟಿದ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ತೊಂದರೆಯನ್ನು ಶಂಕಿಸಬೇಕಾಗುತ್ತದೆ. ನಿಜವಾದ ಸೋಂಕು ಹೆಚ್ಚಾಗಿ ಈ ವಯಸ್ಸಿನಲ್ಲಿಯೇ ಕಾಣುವುದು. ಕೀಲುನೋವಿನಿಂದ ಎತ್ತರದ ಅಂಚಿನ ತಟ್ಟೆಯನ್ನು ಹತ್ತಲಾರದ ಮುದಿ ಬೆಕ್ಕು ತಟ್ಟೆಯ ಪಕ್ಕದಲ್ಲಿಯೇ ಮೂತ್ರ ಮಾಡುವುದೂ ಉಂಟು.

ಮೂತ್ರ ಮಾಡುವುದು, ಮೂತ್ರ ಸಿಡಿಸುವುದು

ಇವೆರಡನ್ನು ಬೇರ್ಪಡಿಸಿ ನೋಡಬೇಕು. ನೆಲದ ಮೇಲೆ ಅಥವಾ ಹಾಸಿಗೆಯಲ್ಲಿ ಅಗಲವಾಗಿ ಒದ್ದೆಯಾಗಿದ್ದರೆ ಬೆಕ್ಕು ಕುಳಿತು ಮೂತ್ರ ಮಾಡಿದೆ. ಗೋಡೆ, ಬಾಗಿಲ ಪಟ್ಟಿ, ಪರದೆಗಳ ಮೇಲೆ ಎರಡು ಗೇಣು ಎತ್ತರದಿಂದ ಇಳಿದ ಗೆರೆಯಿದ್ದರೆ ಬೆಕ್ಕು ನಿಂತು, ಬಾಲ ಎತ್ತಿ ಅದನ್ನು ನಡುಗಿಸುತ್ತಾ ಸಿಡಿಸಿದೆ ಎಂದು ತಿಳಿಯಬಹುದು. ಸಿಡಿಸುವುದು ಗಡಿ ಗುರುತಿಸುವ ಕ್ರಮ. ಬೀದಿಯ ಗಂಡು ಬೆಕ್ಕು ಹಿತ್ತಲಿಗೆ ಬರುತ್ತಿದ್ದರೆ ಒಳಗಿನ ಬೆಕ್ಕು ಕಿಟಕಿ ಬಾಗಿಲುಗಳ ಬಳಿ ಹೀಗೆ ಮಾಡುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳಲ್ಲಿ ಈ ಅಭ್ಯಾಸ ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ಐದಾರು ತಿಂಗಳ ವಯಸ್ಸಿನಲ್ಲಿಯೇ, ಅಭ್ಯಾಸ ಬೇರೂರುವ ಮುನ್ನ, ಮಾಡಿಸುವುದು ಲೇಸು. ಹೆಣ್ಣು ಬೆಕ್ಕು ಬೆದೆಗೆ ಬಂದಾಗ ಸಿಡಿಸುವುದುಂಟು.

ಮಳೆಗಾಲ ಮತ್ತು ಕರಾವಳಿಯ ಮನೆ

ಶಿರವಾಡದಂತಹ ಊರುಗಳಲ್ಲಿ ಈ ಸಮಸ್ಯೆಗೆ ಸ್ಥಳೀಯ ಕಾರಣವೊಂದಿದೆ. ಇಲ್ಲಿನ ಹೆಚ್ಚಿನ ಬೆಕ್ಕುಗಳಿಗೆ ಲಿಟರ್ ಬಾಕ್ಸ್ ಎಂದು ಕರೆಯಲಾಗುವ ಮರಳಿನ ತಟ್ಟೆಯ ಪರಿಚಯವೇ ಇರುವುದಿಲ್ಲ. ಹಿತ್ತಲಿನ ಸಡಿಲ ಮಣ್ಣು, ತೆಂಗಿನ ಬುಡ, ತೋಟದ ಅಂಚು ಅವುಗಳ ಸ್ಥಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಣ್ಣು ಕೆಸರಾಗಿ ನೀರು ನಿಲ್ಲುತ್ತದೆ. ಒದ್ದೆ ನೆಲವನ್ನು ಕೆರೆಯಲು ಒಲ್ಲದ ಬೆಕ್ಕು ಮನೆಯೊಳಗಿನ ಒಣ, ಸಡಿಲ, ಮೃದು ವಸ್ತುವನ್ನು ಹುಡುಕುತ್ತದೆ. ಬಚ್ಚಲು ಒಲೆಯ ಬೂದಿ, ಭತ್ತದ ಹೊಟ್ಟು, ತೆಂಗಿನ ನಾರಿನ ರಾಶಿ, ಒಣಗದೆ ಗುಡ್ಡೆ ಹಾಕಿದ ಬಟ್ಟೆ, ಕಾಲೊರಸು, ಹಾಸಿಗೆ, ಹೀಗೆ. ಮಳೆಗಾಲದಲ್ಲಿ ಮಾತ್ರ ತೊಂದರೆ ಇದ್ದು ಉಳಿದ ಎಂಟು ತಿಂಗಳು ಬೆಕ್ಕು ಸರಿಯಾಗಿದ್ದರೆ ಕಾರಣವನ್ನು ಬೇರೆಡೆ ಹುಡುಕುವ ಮೊದಲು ಇದನ್ನು ಪರಿಗಣಿಸಬೇಕು.

ಪರಿಹಾರ ಸರಳ. ಮೇ ತಿಂಗಳ ಕೊನೆಯ ವಾರದಲ್ಲಿಯೇ, ಮಳೆ ಹಿಡಿಯುವ ಮುನ್ನ, ಜಗಲಿಯ ಅಥವಾ ಕೊಟ್ಟಿಗೆಯ ನೀರು ಸಿಡಿಯದ ಮೂಲೆಯಲ್ಲಿ ತಟ್ಟೆಯನ್ನಿಟ್ಟು, ಬೆಕ್ಕು ರೂಢಿಯಾಗಿ ಬಳಸುವ ಹಿತ್ತಲಿನ ಮಣ್ಣನ್ನೇ ಒಂದು ಬೊಗಸೆ ಅದರಲ್ಲಿ ಬೆರೆಸುವುದು. ಪರಿಚಿತ ವಾಸನೆಯಿಂದ ಬೆಕ್ಕು ಸ್ಥಳವನ್ನು ಗುರುತಿಸುತ್ತದೆ. ಮಳೆ ಹಿಡಿದ ಮೇಲೆ ಆರಂಭಿಸಿದವರಿಗೆ ಹೆಚ್ಚು ತಾಳ್ಮೆ ಬೇಕಾಗುತ್ತದೆ, ಏಕೆಂದರೆ ಅಷ್ಟರಲ್ಲಿ ಬೆಕ್ಕು ಹಾಸಿಗೆಯನ್ನು ಆಯ್ದುಕೊಂಡಿರುತ್ತದೆ.

ತಟ್ಟೆ ಮತ್ತು ಅದರಲ್ಲಿ ತುಂಬುವ ವಸ್ತು

ಅಂಗಡಿಯಲ್ಲಿ ದೊರೆಯುವ ತಟ್ಟೆಗಳು ಬಹುಪಾಲು ಚಿಕ್ಕವು. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದವಿರುವ ಹಳೆಯ ಪ್ಲಾಸ್ಟಿಕ್ ಟಬ್ ಅವಕ್ಕಿಂತ ಉತ್ತಮ. ಮುದಿ ಬೆಕ್ಕು ಅಥವಾ ಮರಿಗಾಗಿ ಒಂದು ಬದಿಯ ಅಂಚನ್ನು ಕತ್ತರಿಸಿ ತಗ್ಗಿಸಬಹುದು. ಒಂದು ಬೆಕ್ಕಿಗೆ ಎರಡು, ಎರಡಕ್ಕೆ ಮೂರು, ಹೀಗೆ ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿರಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ವಸತಿಗೃಹಗಳ ಎರಡು ಕೋಣೆಯ ಮನೆಯಲ್ಲಿ ಇದು ಕಷ್ಟವೆಂಬುದು ನಿಜ. ಆದರೂ ಎರಡು ಬೆಕ್ಕುಗಳಿರುವಲ್ಲಿ ಕನಿಷ್ಠ ಎರಡು ತಟ್ಟೆಗಳನ್ನು ಬೇರೆ ಬೇರೆ ಮೂಲೆಗಳಲ್ಲಿ ಇಡಲೇಬೇಕು. ಪಕ್ಕಪಕ್ಕದಲ್ಲಿಟ್ಟ ಎರಡು ತಟ್ಟೆಗಳು ಬೆಕ್ಕಿನ ಲೆಕ್ಕದಲ್ಲಿ ಒಂದೇ, ಬಲಿಷ್ಠ ಬೆಕ್ಕು ಎರಡನ್ನೂ ಕಾಯುತ್ತದೆ.

ಮಾರುಕಟ್ಟೆಯಲ್ಲಿ ಬೆಂಟೊನೈಟ್ ಜೇಡಿಮಣ್ಣಿನ, ಒದ್ದೆಯಾದರೆ ಗಟ್ಟಿಗೊಳ್ಳುವ ಹರಳು ದೊರೆಯುತ್ತದೆ. ಬೆಕ್ಕುಗಳು ಸಾಮಾನ್ಯವಾಗಿ ಇಷ್ಟಪಡುವುದು ಸುವಾಸನೆಯಿಲ್ಲದ ನುಣುಪಾದ ಕಣವನ್ನೇ. ಖರ್ಚು ಹೆಚ್ಚೆನಿಸಿದಲ್ಲಿ ಜರಡಿ ಹಿಡಿದು ಬಿಸಿಲಲ್ಲಿ ಒಣಗಿಸಿದ ಸಿಹಿನೀರಿನ ಮರಳು ಅಥವಾ ಮರದ ಹೊಟ್ಟು ಸಾಕಾಗುತ್ತದೆ, ಎರಡು ಅಂಗುಲ ಆಳಕ್ಕೆ. ಸಮುದ್ರತೀರದ ಮರಳು ಬೇಡ. ಅದರಲ್ಲಿನ ಉಪ್ಪು ಗಾಳಿಯ ತೇವವನ್ನು ಹೀರಿ ಮಳೆಗಾಲವಿಡೀ ಒದ್ದೆಯಾಗಿಯೇ ಇರುತ್ತದೆ. ಒಲೆಯ ಬೂದಿಯನ್ನು ಬೆಕ್ಕು ತಾನೇ ಇಷ್ಟಪಡುವುದರಿಂದ ಅದನ್ನೇ ತುಂಬಬಹುದಲ್ಲವೇ ಎಂದು ಕೇಳುವವರಿದ್ದಾರೆ. ಬೂದಿ ಒದ್ದೆಯಾದರೆ ಕ್ಷಾರವಾಗಿ ಪಾದದ ಚರ್ಮವನ್ನು ಸುಡುತ್ತದೆ, ಪಾದ ನೆಕ್ಕಿದಾಗ ಬಾಯಿಯೂ ಹುಣ್ಣಾಗುತ್ತದೆ. ಬಚ್ಚಲು ಒಲೆಯ ಬಾಯಿಗೆ ತಗಡು ಮುಚ್ಚಿ ಬೆಕ್ಕನ್ನು ದೂರವಿಡುವುದು ಕ್ಷೇಮ, ಒಳಗೆ ಕೆಂಡವಿರುವ ಅಪಾಯವೂ ಇದೆ.

ದಿನಕ್ಕೊಮ್ಮೆಯಾದರೂ ಮಲ ಹಾಗೂ ಒದ್ದೆ ಗಟ್ಟಿಗಳನ್ನು ತೆಗೆಯುವುದು. ತಟ್ಟೆಯನ್ನು ಊಟದ ಬಟ್ಟಲಿನ ಬಳಿ, ನೀರೆತ್ತುವ ಪಂಪಿನ ಅಥವಾ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಇಡಬಾರದು. ಕುಳಿತ ಹೊತ್ತಿನಲ್ಲಿ ಒಮ್ಮೆ ಯಂತ್ರ ಗುಡುಗಿದರೆ ಬೆಕ್ಕು ಆ ಮೂಲೆಗೆ ಮರಳುವುದಿಲ್ಲ.

ಗರ್ಭಿಣಿಯರು ತಟ್ಟೆ ಶುಚಿಗೊಳಿಸುವ ಕೆಲಸವನ್ನು ಬೇರೆಯವರಿಗೆ ವಹಿಸತಕ್ಕದ್ದು. ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಭ್ರೂಣಕ್ಕೆ ಹಾನಿಕರ. ಅದು ಸೋಂಕು ಹರಡುವ ಸ್ಥಿತಿ ತಲುಪಲು ಒಂದರಿಂದ ಐದು ದಿನ ಬೇಕಾಗುವುದರಿಂದ ಪ್ರತಿದಿನ ತೆಗೆಯುವ ಮನೆಯಲ್ಲಿ ಅಪಾಯ ಕಡಿಮೆ. ಬೆಕ್ಕನ್ನು ಮನೆಯಿಂದ ಹೊರಹಾಕುವ ಅಗತ್ಯವಿಲ್ಲ.

ಕಲೆ ಮತ್ತು ವಾಸನೆ ತೆಗೆಯುವುದು

ಒಮ್ಮೆ ಮೂತ್ರ ಮಾಡಿದ ಜಾಗದ ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ಬರುತ್ತದೆ. ನಮ್ಮ ಮೂಗಿಗೆ ಹೋಗಿದೆ ಎನಿಸಿದ್ದು ಬೆಕ್ಕಿನ ಮೂಗಿಗೆ ಹೋಗಿರುವುದಿಲ್ಲ. ಕತ್ತಲೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಬೆಳಕಿನ ಟಾರ್ಚ್ ಹಿಡಿದರೆ ಹಳೆಯ ಕಲೆಗಳು ಹೊಳೆದು ಕಾಣುತ್ತವೆ. ಮೊದಲು ಬಟ್ಟೆಯಿಂದ ಒತ್ತಿ ಹೀರಿಸಿ, ಕಿಣ್ವಯುಕ್ತ ಬಟ್ಟೆ ಸೋಪಿನ ಪುಡಿಯ ದ್ರಾವಣದಿಂದ ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು, ಬರಿಯ ನೀರಿನಿಂದ ತೊಳೆದು ಒಣಗಿಸುವುದು. ಚಿರೆಕಲ್ಲಿನ ಗೋಡೆ ಹಾಗೂ ಸೆಗಣಿ ಸಾರಿಸಿದ ನೆಲ ಮೂತ್ರವನ್ನು ಆಳಕ್ಕೆ ಹೀರುತ್ತವೆ. ನೆಲದ ಆ ಭಾಗವನ್ನು ಕೆತ್ತಿ ಮತ್ತೆ ಮೆತ್ತುವುದೇ ಕಡಿಮೆ ಶ್ರಮದ ದಾರಿ.

ಕರಿ ಫಿನೈಲ್ ಸುರಿಯುವುದನ್ನು ಇಲಾಖೆಯು ಶಿಫಾರಸು ಮಾಡುವುದಿಲ್ಲ. ಅದರಲ್ಲಿನ ಫೀನಾಲ್ ವರ್ಗದ ವಸ್ತುಗಳು ಪಾದದ ಮೂಲಕ ಹಾಗೂ ನೆಕ್ಕುವುದರಿಂದ ಬೆಕ್ಕಿನ ದೇಹ ಸೇರಿ ವಿಷವಾಗುತ್ತವೆ. ಮೂತ್ರದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಮೂತ್ರದಲ್ಲಿನ ಅಮೋನಿಯದೊಂದಿಗೆ ಸೇರಿ ಉಸಿರು ಕಟ್ಟಿಸುವ ಅನಿಲ ಹೊರಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಮನುಷ್ಯರಿಗೂ ಅಪಾಯ. ಅಂದಹಾಗೆ ಅಟ್ಟದ ಮೇಲಿನ ದುರ್ವಾಸನೆಯೆಲ್ಲವೂ ಬೆಕ್ಕಿನದಲ್ಲ. ಇಲಿಯ ಮೂತ್ರವೂ ಇರಬಹುದು. ಅದರಿಂದ ಇಲಿ ಜ್ವರ ಹರಡುವುದರಿಂದ ಬರಿಗೈಯಲ್ಲಿ ಶುಚಿಗೊಳಿಸಬಾರದು.

ಆಹಾರ ಮತ್ತು ನೀರು

ಗಟ್ಟಿಯಾದ ಮೂತ್ರದಲ್ಲಿ ಹರಳು ಬೇಗ ಕಟ್ಟುತ್ತದೆ. ಒಣ ಆಹಾರವನ್ನೇ ತಿನ್ನುವ ಬೆಕ್ಕಿಗೆ ನೀರು ಸಾಲದು. ಬಂಗಡೆ, ತಾರ್ಲೆಯ ತಲೆ ಬಾಲಗಳನ್ನು ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಬೇಯಿಸಿದ ನೀರಿನೊಂದಿಗೇ ಕೊಟ್ಟರೆ ಅಷ್ಟು ನೀರು ಒಳಗೆ ಹೋಗುತ್ತದೆ. ಉಪ್ಪು ಹಾಕಿದ ಒಣಮೀನು ದಿನನಿತ್ಯದ ಆಹಾರವಾಗಬಾರದು. ಹಿಂದೊಮ್ಮೆ ಮೂತ್ರ ಕಟ್ಟಿದ ಬೆಕ್ಕಿಗೆ ಪಶುವೈದ್ಯರು ಸೂಚಿಸಿದ ಆಹಾರವನ್ನು ಬದಲಿಸಬಾರದು.

ಸೇವೆ ಪಡೆಯುವ ವಿಧಾನ

ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ ಹಾಗೂ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರಗಳು ದನಕರುಗಳಿಗಷ್ಟೇ ಎಂಬ ತಪ್ಪು ತಿಳಿವಳಿಕೆ ಇದೆ. ಬೆಕ್ಕು ನಾಯಿಗಳಿಗೂ ಅಲ್ಲಿ ಚಿಕಿತ್ಸೆ ಲಭ್ಯ. ಶಿರವಾಡದವರು ಕಾರವಾರ ನಗರದ ಪಶು ಆಸ್ಪತ್ರೆಯನ್ನು, ಅಂಕೋಲಾ ಭಾಗದವರು ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಪಶುವೈದ್ಯಕೀಯ ಸಹಾಯಕ್ಕಾಗಿ ಶುಲ್ಕರಹಿತ ದೂರವಾಣಿ ಸಂಖ್ಯೆ 1962. ಮೂತ್ರ ಕಟ್ಟಿದ ಬೆಕ್ಕಿನ ವಿಷಯದಲ್ಲಿ ಮೊದಲು ದೂರವಾಣಿ ಮಾಡಿ ವೈದ್ಯರು ಲಭ್ಯರಿರುವುದನ್ನು ಖಚಿತಪಡಿಸಿಕೊಂಡು ಹೊರಡುವುದು ಒಳ್ಳೆಯದು, ಭಾನುವಾರವಾದಲ್ಲಿ ಸೋಮವಾರದವರೆಗೆ ಕಾಯುವುದು ಸಲ್ಲದು. ಮೂತ್ರನಾಳದ ಶಸ್ತ್ರಚಿಕಿತ್ಸೆ ಬೇಕಾಗುವ ಪ್ರಕರಣಗಳನ್ನು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಂತಹ ಸಂಸ್ಥೆಗೆ ಒಯ್ಯಲು ವೈದ್ಯರು ಸೂಚಿಸಬಹುದು.

ಬರುವಾಗ ಬೆಕ್ಕನ್ನು ಗಾಳಿಯಾಡುವ ಬುಟ್ಟಿ ಅಥವಾ ಪಂಜರದಲ್ಲಿ, ಮೇಲೊಂದು ಬಟ್ಟೆ ಹೊದಿಸಿ ತರತಕ್ಕದ್ದು. ಬಸ್ಸಿನ ಸದ್ದಿಗೆ ಬೆದರಿ ಕೈಯಿಂದ ಜಿಗಿದ ಬೆಕ್ಕು ಮರಳಿ ಸಿಗುವುದು ದುರ್ಲಭ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿ ಇದ್ದಲ್ಲಿ ಜೊತೆಗೆ ತರುವುದು. ನೋವಿನಲ್ಲಿರುವ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಮನುಷ್ಯರ ಆಸ್ಪತ್ರೆಗೆ ಹೋಗಬೇಕು. ಸಾಧ್ಯವಾದರೆ ತಾಜಾ ಮೂತ್ರವನ್ನು ಶುದ್ಧ ಸೀಸೆಯಲ್ಲಿ ತಂದರೆ ಪರೀಕ್ಷೆಗೆ ಅನುಕೂಲ. ಖಾಲಿ ತಟ್ಟೆಯಲ್ಲಿ ತೊಳೆದೊಣಗಿಸಿದ ಚಿಕ್ಕ ಜಲ್ಲಿಕಲ್ಲು ಹರಡಿದರೆ ಮೂತ್ರ ಅಡಿಯಲ್ಲಿ ಉಳಿಯುತ್ತದೆ. ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ, ದಿನಕ್ಕೆ ಎಷ್ಟು ಸಲ, ಮನೆಯಲ್ಲಿ ಇತ್ತೀಚೆಗೆ ಆದ ಬದಲಾವಣೆ ಏನು ಎಂಬುದನ್ನು ವೈದ್ಯರು ಕೇಳುತ್ತಾರೆ. ಆರೋಗ್ಯವಂತ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಬಾರಿ ಮೂತ್ರ ಮಾಡುತ್ತದೆ.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದ ಪ್ರಕಾರ ಅಪರಾಧವಾಗಿರುತ್ತದೆ. ಬೆಕ್ಕನ್ನು ಇರಿಸಿಕೊಳ್ಳಲು ನಿಜಕ್ಕೂ ಆಗದವರು, ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶದೊಂದಿಗೆ ಬೇರೆ ಮನೆ ಹುಡುಕುವುದು. ಕಾಯಿಲೆಯ ಸಂಗತಿ ಮುಚ್ಚಿಟ್ಟು ಕೊಟ್ಟ ಬೆಕ್ಕು ಹೊಸ ಮನೆಯಲ್ಲಿಯೂ ಉಳಿಯುವುದಿಲ್ಲ.